ರೆಕ್ಕೆಗೆ ಮಡಿಲಕ್ಕಿ

ಫ್ಯಾನಿನ ರೆಕ್ಕೆಗೆ ಮಡಿಲಕ್ಕಿ ಕಟ್ಟಿ ಗಂಡನ ಮನೆಗೆ ಕಳಿಸುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅಷ್ಟೇ ಅಲ್ಲ, ಅವನ ಅಕ್ಕನನ್ನೇ ಮದುವೆಯಾಗಿದ್ದೇನೆ!

ನನ್ನ ಬಾಮೈದ ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಗಾಳಿಯಂತ್ರದ ದೈತ್ಯ ರೆಕ್ಕೆಗಳನ್ನು ಉಜ್ಜಿ ನುಣುಪು ಮಾಡುತ್ತಿದ್ದ. ನಾನು ಅಲ್ಲೇ ಗೇಟಿನ ಕಾವಲು. ಆಂಧ್ರದ ಬೆಟ್ಟಗಳಿಗೆ ಹೊರಟ ಪ್ರತಿ ರೆಕ್ಕೆಯ ಬುಡದ ಪೊಳ್ಳಿನಲ್ಲಿ ಅವನು ಅಕ್ಕಿ, ಬೆಲ್ಲ, ಕೊಬ್ಬರಿಯ ಗಂಟು ಇಡುತ್ತಿದ್ದ.

"ಏನ್ಲಾ ಇದು?"

"ಹೆಣ್ಮಗಳು ಭಾವ. ಬರಿಗೈಲಿ ಕಳಿಸ್ತಾರಾ?"

ಒಮ್ಮೆ ಸೂಪರ್‌ವೈಸರ್ ಕೈಗೆ ಸಿಕ್ಕಿಬಿದ್ದ. "ಮೂರು ರೆಕ್ಕೆ ತೂಕಾನೂ ಒಂದೇ ಇರ್ಬೇಕು ಕಣಯ್ಯ!"

"ಗೊತ್ತು ಸಾರ್. ಮೂವರಿಗೂ ಒಂದೊಂದೇ ಪಾವು. ಹಿರೀಳು ಕಿರೀಳು ಅಂತ ಭೇದ ಮಾಡಿಲ್ಲ!"

ಒಂದು ರಜೆಯಲ್ಲಿ ಹೊಸ ಶರಟು ತೊಟ್ಟು 'ಹೆಣ್ಣುಮಕ್ಕಳನ್ನು' ನೋಡಿಬರಲು ಗಡಿ ದಾಟಿದ. ಬಂದಾಗ ಮುಖ ಸಪ್ಪೆ. ರೆಕ್ಕೆ ಸಾಗಿಸಲು ಹಾಕಿದ ರಸ್ತೆಯ ಮಣ್ಣು, ಕುರಿಗಳು ನೀರು ಕುಡಿಯುವ ಕುಂಟೆಗೆ ಮಳೆನೀರು ತರುವ ಕಾಲುವೆಯನ್ನೇ ಮುಚ್ಚಿತ್ತು.

"ಜಮೀನಿದ್ದೋರಿಗೆ ಬಾಡಿಗೆ ಬರ್ತದೆ. ಕರೆಂಟು ಎಲ್ಲೋ ಹೋಗ್ತದೆ. ಕುರಿಯೋರಿಗೆ ಬರೀ ಧೂಳು. ಬೀಗರ ನೀರು ಕಿತ್ಕೊಂಡ್ರೆ ನಮ್ ಹೆಣ್ಣಿಗೆ ಮರ್ಯಾದೆ ಇರ್ತದಾ ಭಾವ?"

ನಾಲ್ಕು ಪುಟದ ಅರ್ಜಿ ಬರೆದು, ದೊಡ್ಡ ಸಾಹೇಬರು ಬಂದಾಗ ಕೊಡಿ ಎಂದು ನನ್ನ ಕೈಗಿತ್ತ. ಕೆಳಗೆ 'ಹೆಣ್ಣಿನ ಕಡೆಯವರು' ಎಂದು ಸಹಿ! ಅದನ್ನು ಜೊತೆಯವರಿಗೆ ಓದಿ ನಗಿಸಿ, ನನ್ನ ಕೆಲಸಕ್ಕೆ ಕುತ್ತು ಬಂದೀತೆಂದು ಹೆದರಿ ಡ್ರಾಯರಿಗೆ ತಳ್ಳಿದೆ. ಅವನು ಕೇಳಿದಾಗ, "ಕೊಟ್ಟಿದ್ದೀನಿ ಕಣೋ" ಎಂದೆ.

ಆ ಮಳೆಗಾಲ ಕುಂಟೆ ತುಂಬಲಿಲ್ಲ. ಬೇಸಿಗೆಯಲ್ಲಿ ಕುರಿಗಳು ನೀರಿಗಾಗಿ ಎರಡು ಬೆಟ್ಟ ದಾಟಿದವಂತೆ. ಕೊನೆಗೆ ಇವನೇ ಸಾಹೇಬರ ಕಾರಿಗೆ ಅಡ್ಡ ನಿಂತು ಇನ್ನೊಂದು ಅರ್ಜಿ ಕೊಟ್ಟ. ಕಾಲುವೆ ತೆರೆಯಿತು ನೋಡಿ! ನಾಲ್ಕನೇ ಕ್ಲಾಸು ಓದಿದವನು ಎರಡು ರಾಜ್ಯದವರಿಂದ ಮಣ್ಣು ಎತ್ತಿಸಿದ!

ಮೊನ್ನೆ ನನ್ನನ್ನೂ ಅಲ್ಲಿಗೆ ಹೊರಡಿಸಿದ. ಬಸ್ಸಿನಲ್ಲಿ ಡ್ರಾಯರಿನ ಸಂಗತಿ ಹೇಳಿಬಿಟ್ಟೆ. ಗಡಿ ದಾಟುವವರೆಗೂ ಅವನು ಕಿಟಕಿಯಾಚೆಯೇ ನೋಡುತ್ತಿದ್ದ.

ಕುಂಟೆ ತುಂಬಿತ್ತು. ಪಕ್ಕದ ಬಾವಿಗೂ ನೀರು ಬಂದಿತ್ತು. ಅಲ್ಲಿ ಸೇದುತ್ತಿದ್ದ ಕುರಿಗಾಹಿ ಅಜ್ಜಿ ನನ್ನನ್ನು ನೋಡಿ, "ಈಯಪ್ಪ ಯಾರು?" ಎಂದಳು.

ನಾನು ತಲೆ ತಗ್ಗಿಸಿದೆ.

"ನಮ್ ಭಾವ ಕಣಜ್ಜಿ," ಅವನು ಎದೆಯುಬ್ಬಿಸಿದ. "ನಮ್ ಹೆಣ್ಮಕ್ಕಳನ್ನೆಲ್ಲ ಗೇಟು ದಾಟಿಸಿ ಕಳಿಸ್ಕೊಟ್ಟೋರು ಇವ್ರೇ!"

ಅಜ್ಜಿ ಚೊಂಬು ನೀಡಿದಳು. ನನ್ನ ಕೈ ಮುಂದೆ ಬರಲಿಲ್ಲ.

"ಕುಡೀರಿ ಭಾವ," ಎಂದ ಮೆಲ್ಲಗೆ. "ಬೀಗರ ಮನೆ ನೀರು. ಬೇಡ ಅನ್ಬಾರ್ದು."