ನಟ್ಟು ಬಿಚ್ಚುವ ಕ್ಲಾಸು

ಡ್ರೈವಿಂಗ್ ಕಲಿಸುವವರಿಗೆ ತಮಾಷೆ ಸಿಗೋದು ಗಾಡಿ ಓಡ್ತಿರುವಾಗ ಅಂತ ಜನ ಅಂದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಗಾಡಿ ನಿಂತ ಮೇಲೇ ಶುರುವಾಗೋದು. ಬನಶಂಕರಿಯಲ್ಲಿ ನನ್ನದೊಂದು ಸಣ್ಣ ಡ್ರೈವಿಂಗ್ ಸ್ಕೂಲ್ ಇದೆ. ಕ್ಲಚ್ಚು, ಬ್ರೇಕು, ರಿವರ್ಸು ಎಲ್ಲ ಮುಗಿದ ಮೇಲೆ ಕೊನೇ ಕ್ಲಾಸಿನಲ್ಲಿ ನಾನು ಚಕ್ರದ ನಟ್ಟು ಬಿಚ್ಚಿ, ಸ್ಟೆಪ್ನಿ ಹಾಕಿ, ಮತ್ತೆ ಬಿಗಿ ಮಾಡೋದನ್ನ ಕಲಿಸ್ತೀನಿ. "ಇದೆಲ್ಲ ಯಾಕೆ ಮೇಡಂ, ಫೋನ್ ಮಾಡಿದ್ರೆ ಯಾರಾದ್ರೂ ಬರ್ತಾರೆ" ಅಂತ ಗೊಣಗುವವರೇ ಹೆಚ್ಚು. ಆದರೂ ನಾನು ಬಿಟ್ಟಿಲ್ಲ. ಬಿಟ್ಟಿದ್ದರೆ ಇಷ್ಟೊಂದು ನಗು ಎಲ್ಲಿಂದ ಬರ್ತಿತ್ತು?

ಹೇಳಿ ಸಾರ್

ಗಾಡಿ ಜೊತೆ ಕಂಪನಿಯವರು ಕೊಡೋ ಸ್ಪ್ಯಾನರ್ ಗಿಡ್ಡ. ಅದನ್ನ ಹಿಡಿದು ಎಷ್ಟು ತಿಣುಕಿದರೂ ಸಣ್ಣ ಮೈಯವರ ಕೈಲಿ ನಟ್ಟು ಅಲ್ಲಾಡಲ್ಲ. ಒಳ್ಳೇದೊಂದು ತರೋಣ ಅಂತ ಜಯನಗರದ ಹಾರ್ಡ್‌ವೇರ್ ಅಂಗಡಿಗೆ ಹೊರಟೆ. ತರಕಾರಿ ಚೀಲ ಹಿಡ್ಕೊಂಡು ನಮ್ಮನೆಯವರೂ ಬಂದರು. ಅವರು ಗಾಡಿ ಓಡಿಸೋದಿಲ್ಲ. ನನ್ನ ಪಕ್ಕದ ಸೀಟಲ್ಲಿ ಕೂತು, ಸಿಗ್ನಲ್ಲಿನಲ್ಲಿ ನಿಂತಿರೋ ಬಸ್ಸಿಗೂ ಬ್ರೇಕ್ ತುಳೀತಾರೆ.

ಅಂಗಡಿಯವರು ನನ್ನನ್ನ ದಾಟಿ ಅವರನ್ನ ನೋಡಿ, "ಹೇಳಿ ಸಾರ್, ಏನು ಬೇಕು?" ಅಂದರು.

"ವೀಲ್ ಸ್ಪ್ಯಾನರ್" ಅಂದೆ ನಾನು.

"ಯಾವ ಸೈಜು ಸಾರ್? ಹತ್ತೊಂಬತ್ತಾ, ಇಪ್ಪತ್ತೊಂದಾ?"

ನಮ್ಮನೆಯವರು ನನ್ನ ಮುಖ ನೋಡಿದರು. "ಹತ್ತೊಂಬತ್ತು" ಅಂದೆ.

ಅಂಗಡಿಯವರು ಮೂರು ಥರದ್ದು ತಂದು ಅವರ ಮುಂದೇ ಜೋಡಿಸಿದರು. ಪ್ಲಸ್ ಆಕಾರದ್ದೊಂದು, ಹಿಡಿ ಎಳೆದರೆ ಉದ್ದ ಆಗೋದೊಂದು, ಬ್ಯಾಟರಿ ಗನ್ನು ಒಂದು. "ಗನ್ ತಗೊಳ್ಳಿ ಸಾರ್, ಬಟನ್ ಒತ್ತಿದ್ರೆ ಸಾಕು, ಟರ್ ಅಂತ ಬಿಚ್ಕೊಳ್ಳುತ್ತೆ."

"ಗನ್ ಬೇಡ" ಅಂದೆ. "ಹೊಸಬರು ಅದರಲ್ಲಿ ಬಿಗಿ ಮಾಡಿದ್ರೆ ಎಷ್ಟು ಬಿಗಿ ಆಯ್ತು ಅಂತ ಕೈಗೆ ಗೊತ್ತಾಗಲ್ಲ. ಉದ್ದ ಹಿಡೀದೇ ಕೊಡಿ. ಸಾಕೆಟ್ಟು ಆಳವಾಗಿರ್ಬೇಕು, ನಟ್ಟಿನ ಮೇಲೆ ಪೂರ್ತಿ ಕೂರ್ಬೇಕು. ಅರ್ಧ ಕೂತ್ರೆ ಮೂಲೆ ಸವೆದು ಉರುಟಾಗುತ್ತೆ."

ನಮ್ಮನೆಯವರು ಗಂಭೀರವಾಗಿ ತಲೆ ಆಡಿಸಿದರು. ಅಂಗಡಿಯವರು ಸ್ಪ್ಯಾನರನ್ನ ಪೇಪರಿನಲ್ಲಿ ಸುತ್ತಿ ಎರಡೂ ಕೈಯಿಂದ ಅವರಿಗೇ ಒಪ್ಪಿಸಿ, "ನಿಮ್ಮಂಥೋರಿಗೆ ಸಾಮಾನು ಕೊಡೋದೇ ಖುಷಿ ಸಾರ್. ಮಾತು ಕಮ್ಮಿ, ಆದ್ರೆ ವಿಷಯ ಪೂರ್ತಿ ಗೊತ್ತು" ಅಂದರು.

ಮೊದಲು ಜಾಕಿಯೋ, ನಟ್ಟೋ?

ಜಯನಗರದ ರಿಟೈರ್ಡ್ ಆಫೀಸರ್ ಒಬ್ಬರು, ಸರ್ವಿಸಿನಲ್ಲಿ ಇದ್ದಷ್ಟು ದಿನ ಡ್ರೈವರ್ ಇದ್ದಿದ್ದರಿಂದ, ಈಗ ಸ್ಟೀರಿಂಗ್ ಹಿಡಿಯೋಕೆ ಬಂದರು. ಶಿಸ್ತಿನ ಮನುಷ್ಯ. ಚಕ್ರದ ಕ್ಲಾಸು ಅವರ ಮನೆ ಕಾಂಪೌಂಡಿನಲ್ಲೇ ನಡೀತು. ಆಂಟಿ ಕಾಫಿ ಲೋಟ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

ನಾನು ಬಾಯಿ ತೆಗೆಯೋದರೊಳಗೆ ಅಂಕಲ್ ಕೈ ಎತ್ತಿದರು. "ಒಂದ್ನಿಮಿಷ ಮೇಡಂ. ವಿಡಿಯೋ ಎಲ್ಲಾ ನೋಡಿದ್ದೀನಿ. ನೀವು ಸುಮ್ಮನೆ ನೋಡ್ತಾ ಇರಿ, ತಪ್ಪಿದ್ರೆ ಹೇಳಿ."

ಜಾಕಿ ಕೊಟ್ಟು ಮುಂದಿನ ಚಕ್ರ ಮೇಲೆತ್ತಿದರು. ಸ್ಪ್ಯಾನರ್ ಹಾಕಿ ಒತ್ತಿದರು. ನಟ್ಟು ತಿರುಗಿತು. ಅದರ ಜೊತೆ ಚಕ್ರವೂ ತಿರುಗಿತು. ಇನ್ನೊಮ್ಮೆ ಒತ್ತಿದರು, ಚಕ್ರ ಇನ್ನೊಂದು ಸುತ್ತು ಹೋಯ್ತು.

"ಅಂಕಲ್, ಅದು..." ಅಂತ ನಾನು ಶುರು ಮಾಡಿದೆ.

"ಗೊತ್ತಾಯ್ತು, ಗೊತ್ತಾಯ್ತು. ಯಾರಾದ್ರೂ ಹಿಡ್ಕೋಬೇಕು ಅಷ್ಟೇ. ಏ, ಬಾರೇ ಇಲ್ಲಿ!"

ಆಂಟಿ ಲೋಟ ಕೆಳಗಿಟ್ಟು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರ ಹಿಡಿದರು. ಅಂಕಲ್ ಎಡಕ್ಕೆ ಒತ್ತಿದರು, ಆಂಟಿ ಬಲಕ್ಕೆ ಎಳೆದರು. ಇಬ್ಬರ ಮುಖವೂ ಕೆಂಪಾಯ್ತು. ನಟ್ಟು ಮಾತ್ರ ಹಾಗೇ ಇತ್ತು. ಎತ್ತಿರೋ ಗಾಡಿ ಹತ್ತಿರ ಇಂಥ ಜಗ್ಗಾಟ ಬೇಡ ಅಂತ ನಾನೇ ಮುಂದೆ ಹೋಗಿ ಬಿಡಿಸಿದೆ. "ಗಾಡಿ ನೆಲಕ್ಕೆ ಇಳಿಸಿ ಅಂಕಲ್. ಚಕ್ರ ನೆಲ ಕಚ್ಚಿರುವಾಗಲೇ ನಟ್ಟನ್ನ ಸ್ವಲ್ಪ ಸಡಿಲ ಮಾಡ್ಬೇಕು. ಪೂರ್ತಿ ಬಿಚ್ಚೋದು ಮಾತ್ರ ಜಾಕಿ ಕೊಟ್ಟ ಮೇಲೆ."

ಇಳಿಸಿದರು. ಒಂದೇ ಒತ್ತಿಗೆ ಕಿರ್ ಅಂತ ಸಡಿಲಾಯ್ತು. "ಅರೆ, ಎಷ್ಟು ಸುಲಭ! ಹಿಡ್ಕೊಳ್ಳೋದೇ ಬೇಕಿರಲಿಲ್ಲ ನೋಡು" ಅಂದರು ಅಂಕಲ್.

ಆಂಟಿ ಕೈ ಒರೆಸ್ಕೊಂಡು ನನ್ನ ಕಡೆ ತಿರುಗಿದರು. "ನಮ್ಮ ಸಂಸಾರಾನೂ ಹೀಗೇ ಕಣಮ್ಮ. ಇವರು ತಿರುಗಿಸ್ತಾ ಇರ್ತಾರೆ, ನಾನು ಸುಮ್ಮಸುಮ್ಮನೆ ಹಿಡ್ಕೊಂಡಿರ್ತೀನಿ."

ಪ್ರದಕ್ಷಿಣೆ

ಯಾವ ಕಡೆ ತಿರುಗಿಸಿದ್ರೆ ಬಿಗಿ, ಯಾವ ಕಡೆ ಸಡಿಲ ಅನ್ನೋದು ಎಷ್ಟು ಹೇಳಿದರೂ ಕೆಲವರಿಗೆ ನೆನಪಿರಲ್ಲ. ಉತ್ತರಹಳ್ಳಿಯ ಅಕ್ಕ ಒಬ್ಬರಿದ್ದರು. ಮೂರು ಮನೆ ಬಾಡಿಗೆಗೆ ಕೊಟ್ಟಿದ್ದಾರೆ, ಮಾತು ಖಡಕ್ಕು. ಅವರಿಗೆ ಸುಲಭ ಆಗಲಿ ಅಂತ, "ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕ್ತೀರಲ್ಲ ಅಕ್ಕ, ಆ ಕಡೆ ತಿರುಗಿಸಿದ್ರೆ ಬಿಗಿ. ಅದರ ಉಲ್ಟಾ ತಿರುಗಿಸಿದ್ರೆ ಸಡಿಲ" ಅಂದೆ. ನನ್ನ ಜಾಣತನವನ್ನ ನಾನೇ ಮೆಚ್ಚಿಕೊಂಡೆ.

ಅಕ್ಕನ ಕೈ ಅಲ್ಲೇ ನಿಂತಿತು. ಹೊಸ ಗಾಡಿ. ಬಾನೆಟ್ಟಿನ ಮೇಲೆ ಪೂಜೆ ಮಾಡಿದ ಕುಂಕುಮ ಇನ್ನೂ ಹೋಗಿರಲಿಲ್ಲ.

"ಅಂದ್ರೆ ಅಪ್ರದಕ್ಷಿಣೆ ಹಾಕು ಅಂತೀರಾ ಮೇಡಂ?"

"ಅಕ್ಕ, ಇದು ನಟ್ಟು..."

"ನಟ್ಟೋ ಗಿಟ್ಟೋ. ಹೊಸ ಗಾಡಿಗೆ ನನ್ನ ಕೈಯಾರೆ ಉಲ್ಟಾ ಸುತ್ತು ಹಾಕಲ್ಲ."

ನಾನು ಏನೇ ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಒಳಗೆ ಟೀವಿ ನೋಡ್ತಿದ್ದ ಯಜಮಾನರನ್ನ ಕರೆದು ಕೈಗೆ ಸ್ಪ್ಯಾನರ್ ಕೊಟ್ಟರು. ಅವರು ಬಿಚ್ಚಿಕೊಟ್ಟು ಒಳಗೆ ಹೋದರು. ಅಕ್ಕ ಸ್ಟೆಪ್ನಿ ಕೂರಿಸಿ, ಒಂದು ನಟ್ಟು ಬಿಗಿ ಮಾಡಿದ ಮೇಲೆ ಅದರ ಎದುರಿನದು ಅನ್ನೋ ನಿಯಮದ ಪ್ರಕಾರ ಎಲ್ಲವನ್ನೂ ಅಚ್ಚುಕಟ್ಟಾಗಿ ಬಿಗಿ ಮಾಡಿದರು.

"ರೋಡಲ್ಲಿ ಒಬ್ಬರೇ ಇದ್ದಾಗ ಪಂಚರ್ ಆದ್ರೆ ಏನು ಮಾಡ್ತೀರ?" ಅಂತ ಕೇಳಿದೆ.

"ಒಬ್ಬಳೇ ಯಾಕೆ ಹೋಗ್ತೀನಿ? ಇವರನ್ನ ಡಿಕ್ಕೀಲಾದ್ರೂ ಹಾಕ್ಕೊಂಡು ಹೋಗ್ತೀನಿ. ಪಾಪದ ಕೆಲಸಕ್ಕೆ ಒಬ್ರು ಬೇಕಲ್ಲ."

ಕಳ್ಳನಿಗೆ ಸಿಗದ ಜಾಗ

ಜೆ.ಪಿ. ನಗರದ ನನ್ನ ಹಳೇ ವಿದ್ಯಾರ್ಥಿ ಒಬ್ಬರಿಗೆ ಚಕ್ರ ಕಳ್ಳರ ಭಯ. ಒಂದೊಂದು ಚಕ್ರಕ್ಕೂ ಒಂದೊಂದು ಲಾಕ್ ನಟ್ಟು ಹಾಕಿಸಿದ್ದರು. ಅದನ್ನ ಸಾದಾ ಸ್ಪ್ಯಾನರ್ ಕಚ್ಚೋದಿಲ್ಲ. ಅದರದೇ ಆದ ಒಂದು ಪುಟ್ಟ, ದಪ್ಪನೆಯ ಕಬ್ಬಿಣದ ಬಿಲ್ಲೆಯನ್ನ ನಟ್ಟಿಗೂ ಸ್ಪ್ಯಾನರಿಗೂ ನಡುವೆ ಸೇರಿಸಿದರೆ ಮಾತ್ರ ಬಿಚ್ಚುತ್ತೆ. ಆ ಬಿಲ್ಲೆಯನ್ನ ಗಾಡಿಯಲ್ಲೇ ಇಡಿ ಅಂತ ಹೇಳಿದ್ದೆ. "ಗಾಡೀಲಿಟ್ರೆ ಕಳ್ಳನಿಗೆ ಸಿಗಲ್ವಾ ಮೇಡಂ?" ಅಂತ ಮನೆಯೊಳಗೆ ಬಚ್ಚಿಟ್ಟರು.

ಒಂದು ಭಾನುವಾರ ಬೆಳಗ್ಗೆ ಫೋನು. ಹೆಣ್ಣು ನೋಡೋಕೆ ಹೊರಟಿದ್ದಾರೆ, ಗೇಟಿನ ಮುಂದೇ ಚಕ್ರ ಪಂಚರ್. ಬಿಲ್ಲೆ ಎಲ್ಲಿಟ್ಟೆ ಅನ್ನೋದು ಮರೆತುಹೋಗಿದೆ. ನಾನು ಹೋಗೋ ಹೊತ್ತಿಗೆ ರೇಷ್ಮೆ ಪಂಚೆ ಉಟ್ಟ ಮದುವೆ ಗಂಡು ಮಂಚದ ಕೆಳಗೆ ಟಾರ್ಚ್ ಹಿಡ್ಕೊಂಡು ಮಲಗಿದ್ದರು. ಬೀರು, ಅಟ್ಟ, ದೇವರ ಗೂಡು, ಎಲ್ಲೂ ಇಲ್ಲ.

ಅಷ್ಟರಲ್ಲಿ ಅವರ ತಾಯಿ ಅಡಿಗೆಮನೆಯಿಂದ ಬಂದು, "ಏನೋ ಅದು ಹುಡುಕ್ತಿರೋದು?" ಅಂದರು.

"ಇಷ್ಟೇ ಇಷ್ಟು ದಪ್ಪ ಅಮ್ಮ, ಕಬ್ಬಿಣದ್ದು, ಫಳಫಳ ಹೊಳೆಯುತ್ತೆ."

"ನನ್ನ ಏಲಕ್ಕಿ ಕುಟ್ಟೋದಾ?"

ಬೇಳೆ ಡಬ್ಬದ ಹಿಂದೆ ಸಿಕ್ಕಿತ್ತಂತೆ. ಎಷ್ಟು ಹದವಾದ ತೂಕ ಅಂತ ಮೆಚ್ಚಿ, ತೊಳೆದು ಉಪಯೋಗಿಸ್ತಾ ಇದ್ದರು. ಬಿಲ್ಲೆ ಕೂರಿಸಿ ನಟ್ಟು ತಿರುಗಿಸಿದಾಗ ಟೈರಿಂದ ಪಾಯಸದ ವಾಸನೆ ಬಂತು. ಚಕ್ರ ಹಾಕಿ ಗಾಡಿ ಹೊರಡುವಾಗ ತಾಯಿ ಕಿಟಕಿಯಿಂದ ಮಗನ ಭುಜ ತಟ್ಟಿದರು. "ಹುಡುಗಿ ಒಪ್ಪಿಗೆ ಆದ್ರೆ ಹೊಸದೊಂದು ತಂದ್ಕೊಡೋ. ಸ್ವೀಟ್ ನಾನೇ ಮಾಡ್ಬೇಕಲ್ಲ."

ಸ್ಪೀಕರ್ ಫೋನು

ಸುದ್ದಗುಂಟೆಪಾಳ್ಯದ ಪಿ.ಜಿ.ಯೊಂದರಲ್ಲಿರೋ ಹುಡುಗಿ ನನ್ನ ಹತ್ತಿರ ಕಲಿತು ಹಳೇ ಕಾರೊಂದನ್ನ ಕೊಂಡಿದ್ದಳು. ಅವತ್ತು ಅವಳಿಗೆ ಇಂಟರ್‌ವ್ಯೂ. ಬೆಳಗ್ಗೆ ಫೋನ್ ಮಾಡಿದಳು, ಅಳು ಬರೋದೊಂದು ಬಾಕಿ.

"ಮೇಡಂ, ಪಂಚರ್! ಆಟೋನೂ ಸಿಕ್ತಿಲ್ಲ. ನಟ್ಟು ಬರ್ತಾನೇ ಇಲ್ಲ."

"ಹೆದರ್ಬೇಡಮ್ಮ. ಜಾಕಿ ಕೊಟ್ಟಿಲ್ಲ ತಾನೇ? ಸರಿ. ಹ್ಯಾಂಡ್‌ಬ್ರೇಕ್ ಹಾಕು. ಸ್ಪ್ಯಾನರ್ ಪೂರ್ತಿ ಒಳಗೆ ಕೂರಿಸು. ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

"ಪಿ.ಜಿ. ಆಂಟಿ ಇದ್ದಾರೆ. ಫೋನ್ ಕೆಳಗಿಟ್ಟು ಸ್ಪೀಕರ್ ಹಾಕಿದ್ದೀನಿ."

"ಒಳ್ಳೇದಾಯ್ತು. ಈಗ ಕೇಳು, ಆಂಟಿ ಕ್ಲಾಕ್‌ವೈಸ್ ತಿರುಗಿಸ್ಬೇಕು."

ಆ ಕಡೆ ಬಳೆ ಮೇಲೇರಿಸೋ ಸದ್ದು. ಆಮೇಲೆ ದಪ್ಪ ದನಿಯೊಂದು, "ನಾನಾ? ಸರಿ ಬಿಡು, ಕಲಿಸಿದ ಮೇಡಮ್ಮೇ ಹೇಳ್ತಿದ್ದಾರೆ" ಅಂತು.

ಯಾರಿಗೋ ಏನೋ ಹೇಳ್ತಿದ್ದಾರೆ ಅಂದುಕೊಂಡೆ. "ಬರ್ತಿದ್ಯಾ?" ಅಂತ ಕೇಳಿದೆ.

"ಇಲ್ಲ ಮೇಡಂ, ಇನ್ನೂ ಗಟ್ಟಿ ಆಗ್ತಿದೆ!"

"ತುಕ್ಕು ಹಿಡಿದಿರ್ಬೇಕು. ಕೈಲಿ ಆಗ್ದಿದ್ರೆ ಹಿಡಿ ಮೇಲೆ ಕಾಲಿಟ್ಟು ಭಾರ ಬಿಡಿ. ನೆನಪಿರಲಿ, ಆಂಟಿ ಕ್ಲಾಕ್‌ವೈಸ್!"

"ಆಯ್ತಮ್ಮ, ನಿಲ್ತಿದ್ದೀನಲ್ಲ!" ಅಂತು ದಪ್ಪ ದನಿ. ಕಟಕ್ ಅಂತ ಶಬ್ದ. ಹುಡುಗಿಯರ ಕೂಗು. ಲೈನ್ ಕಟ್ಟಾಯ್ತು.

ನಾನು ಎದ್ದೆನೋ ಬಿದ್ದೆನೋ ಅಂತ ಗಾಡಿ ತಗೊಂಡು ಅಲ್ಲಿಗೆ ಹೋದೆ. ಪಿ.ಜಿ. ಮುಂದೆ ಆಂಟಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆವರು ಒರೆಸ್ಕೊಳ್ತಾ ಕೂತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಸ್ಪ್ಯಾನರ್ ಮಾತ್ರ ಬಾಳೆಹಣ್ಣಿನ ಹಾಗೆ ಬಾಗಿತ್ತು. ನಟ್ಟುಗಳು ಜನ್ಮದಲ್ಲಿ ಬಿಚ್ಚದಷ್ಟು ಬಿಗಿಯಾಗಿದ್ದವು.

"ಯಾವ ಕಡೆ ತಿರುಗಿಸಿದ್ರಿ?" ಅಂದೆ.

"ನೀವು ಹೇಳಿದ ಕಡೇನೇ ಮೇಡಂ" ಅಂದಳು ಹುಡುಗಿ. "ಆಂಟಿ, ಕ್ಲಾಕ್‌ವೈಸ್."

ನನಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡೀತು. ಅರ್ಥವಾದ ಮೇಲೆ ನಗೋಕೂ ಸಮಯ ಇರಲಿಲ್ಲ. ಅವಳನ್ನ ನನ್ನ ಗಾಡಿಯಲ್ಲಿ ಕೂರಿಸ್ಕೊಂಡು ಇಂಟರ್‌ವ್ಯೂಗೆ ಬಿಟ್ಟೆ, ಕೆಲಸಾನೂ ಸಿಕ್ಕಿತು. ವಾಪಸ್ ಬಂದು, ಉದ್ದ ಹಿಡಿ ಸ್ಪ್ಯಾನರಿನಲ್ಲಿ ಹೆಣಗಾಡಿ ನಟ್ಟು ಬಿಚ್ಚುತ್ತಾ, ಆಂಟಿಗೆ ವಿಷಯ ಬಿಡಿಸಿ ಹೇಳಿದೆ. ಗಡಿಯಾರದ ಮುಳ್ಳು ಹೋಗೋ ಕಡೆ ಕ್ಲಾಕ್‌ವೈಸ್, ಅದರ ಉಲ್ಟಾ ಹೋದರೆ ಆಂಟಿ ಕ್ಲಾಕ್‌ವೈಸ್, ಅದು ಒಂದೇ ಪದ, ನಿಮ್ಮನ್ನ ಕರೆದಿದ್ದಲ್ಲ ಅಂತ.

ಆಂಟಿ ಎಲ್ಲಾ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಸೊಂಟ ಒತ್ತಿಕೊಳ್ತಾ, ಒಳಗೆ ಪೇಪರ್ ಓದ್ತಿದ್ದ ಗಂಡನ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಆ ಹೆಸರಿಟ್ಟೋರು ಅಂಕಲ್ ಕ್ಲಾಕ್‌ವೈಸ್ ಅಂತ ಇಟ್ಟಿದ್ರೆ ಏನಾಗ್ತಿತ್ತು ಮೇಡಂ? ನಮ್ಮನೆಯವರಾದ್ರೂ ಒಂದು ಕೆಲಸ ಮಾಡ್ತಿದ್ರು."