ಮೀನಿನ ತೊಟ್ಟಿಲು

ನಿರಂತರ ಚಲನೆಯೇ ಮನುಕುಲದ ಏಳಿಗೆಯ ಮೂಲ ಎಂಬುದು ನನ್ನ ಗಂಭೀರ ಅಭಿಪ್ರಾಯ. ಹಳಿಯಾಳದ ಬಸ್ಸು ಹತ್ತಿದವರ ಎದುರು ಮಾತ್ರ ಇದನ್ನು ಒತ್ತಿ ಹೇಳಲಾರೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಕಡೆಯ ಒಂದು ಮೀನುಗಾರರ ಸಂಘಕ್ಕೆ ಕಾರ್ಯದರ್ಶಿಯಾಗಿದ್ದೆ. ಮೀನು ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ, ನಿಷ್ಪಕ್ಷಪಾತಿಯೆಂದು ಆರಿಸಿರಬೇಕು. ಕೆರೆಗೆ ಕಾಟ್ಲಾ ಮೀನಿನ ಮರಿ ಬಿತ್ತಿ ಬೆಳೆಸೋಣ ಎಂದಾಗ ಅಂಬಿಗರ ಹಿರಿಯ ದುರ್ಗಪ್ಪ ನಕ್ಕುಬಿಟ್ಟ. "ಮೀನ ಬಿತ್ತೂದಂದ್ರ ಏನ್ರಿ ಸಾಹೇಬ್ರ? ಅದೇನ ಜ್ವಾಳಾ?" ಕೊನೆಗೆ ಒಪ್ಪಿದ. ಅವನ ಮಾತು ನಂಬಿ ಇಡೀ ಕೇರಿಯೇ, ಮರಿಗಳನ್ನು ನುಂಗಬಾರದೆಂದು, ಹಳೆಯ ಮೀನನ್ನೆಲ್ಲ ಹಿಡಿದು ಕೆರೆ ಬರಿದು ಮಾಡಿತು. ಇನ್ನು ಮರಿ ಸತ್ತರೆ ವರ್ಷವಿಡೀ ಬಲೆ ಗೂಟಕ್ಕೇ.

ದಾಂಡೇಲಿ ಕಡೆಯಿಂದ ಮರಿಗಳನ್ನು ಕೊಡಗಳಲ್ಲಿ ತುಂಬಿ, ಒದ್ದೆ ಸೀರೆ ಸುತ್ತಿ ಬಸ್ಸು ಹತ್ತಿದೆವು. ನೀರು ಅಲುಗುತ್ತಿದ್ದರೆ ಮರಿಗೆ ಉಸಿರು, ನಿಂತರೆ ಮುಗಿಯಿತು. ಅಲುಗಿಸುವ ಕೆಲಸವನ್ನು ರಸ್ತೆಯ ಗುಂಡಿಗಳು ಬಲು ಶ್ರದ್ಧೆಯಿಂದ ನಡೆಸಿದ್ದವು. ಕಾಡಿನ ನಡುವೆ ಬಸ್ಸು ಕೆಮ್ಮಿ ನಿಂತಿತು. ಪ್ರಯಾಣಿಕರಲ್ಲಿದ್ದ ಮೆಕ್ಯಾನಿಕ್ ಒಬ್ಬ ಇಂಜಿನ್ನಿಗೆ ತಲೆ ಕೊಟ್ಟ. ದುರ್ಗಪ್ಪ ತಲೆಯ ಮೇಲೆ ಕೈಹೊತ್ತು ಬಾಯಿ ತೆರೆದು ಕೂತ.

ಅವನ ಹೆಂಡತಿ ಗಂಗವ್ವ ಮಾತ್ರ ಕೊಡಗಳಿಗೆ ಸುತ್ತಿದ್ದ ಸೀರೆ ಬಿಚ್ಚಿ ಬಸ್ಸಿನ ಸರಳಿಗೆ ಜೋಲಿಗಳನ್ನು ಕಟ್ಟಿ, ಕೊಡಗಳನ್ನು ಕೂಸಿನಂತೆ ಮಲಗಿಸದೆ ನೆಟ್ಟಗೆ ಕೂಡಿಸಿದಳು. "ನಿಂತ ಏನ ನೋಡಾಕತ್ತೀರಿ? ತೂಗ್ರಿ!" ಕಂಡಕ್ಟರನೂ ಸೇರಿ ಎಲ್ಲರೂ ತೂಗಿದೆವು.

ಆಗ ಕಾಲುದಾರಿಯಿಂದ ಬಂದು ಹತ್ತಿದ ಅಜ್ಜಿಯೊಬ್ಬಳು ನನ್ನ ಜೋಲಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದಳು. "ಎಷ್ಟ ಜೋರ ತೂಗ್ತೀಯೋ ತಮ್ಮಾ! ಕೂಸ ಮಲಗೇತಿ, ಸುಮ್ನಿರು."

"ಬಿಡವ್ವಾ, ಸುಮ್ನಿದ್ರ ಸಾಯ್ತಾವು!" ಎಂದು ಚೀರಿದೆ. ಅಜ್ಜಿ ನನ್ನನ್ನು ಕಂಸನನ್ನು ನೋಡಿದಂತೆ ನೋಡಿದಳು.

"ಜೋಲಿ ಸೆರಗ ಸರಿಸಿ ನೋಡಬೇ, ಯಾರನ್ನ ಹೋಲ್ತಾವ ಹೇಳು" ಎಂದಳು ಗಂಗವ್ವ.

ಅಜ್ಜಿ ಇಣುಕಿ, ಗಂಗವ್ವನ ಪಕ್ಕದ ದುರ್ಗಪ್ಪನತ್ತ ತಿರುಗಿದಳು. "ಅಯ್ಯ, ಎಲ್ಲಾ ನಿನ್ನ ಗಂಡನಂಗ ಬಾಯಿ ತಕ್ಕೊಂಡಽ ಅದಾವಲ್ಲ!"

ನಗುವಿಗೇ ಅರ್ಧ ಬಸ್ಸು ಅಲುಗಿತು. ಅಜ್ಜಿ ಜೋ ಜೋ ಹಾಡುತ್ತ ನನಗಿಂತ ಜೋರಾಗಿ ತೂಗಿದಳು. ಅಷ್ಟರಲ್ಲಿ ಇಂಜಿನ್ನೂ ಹಟ ಬಿಟ್ಟಿತು.

ಕೆರೆಯ ದಂಡೆಯಲ್ಲಿ ದುರ್ಗಪ್ಪ ಉಸಿರು ಬಿಗಿಹಿಡಿದು ಮೊದಲ ಕೊಡ ಬಾಗಿಸಿದ. ಒಂದು ಮರಿಯೂ ಹೊಟ್ಟೆ ಮೇಲಾಗಿ ತೇಲಲಿಲ್ಲ. ಅವನ ರುಮಾಲು ಆಕಾಶಕ್ಕೆ ಹಾರಿತು. ಕೇರಿಗೆ ಕೇರಿಯೇ ಕೇಕೆ ಹಾಕಿತು.

ವಿಜಯಿಯಾಗಿ ಮನೆಗೆ ಬಂದರೆ ರಟ್ಟೆ ಎತ್ತಲು ಬರಲಿಲ್ಲ. ಎಣ್ಣೆ ತಿಕ್ಕುತ್ತ ಹೆಂಡತಿ, "ಹಡದ ಮಕ್ಕಳ ತೊಟ್ಲಾ ಒಮ್ಮೆನೂ ತೂಗಲಿಲ್ಲ, ಮೀನಿಂದು ತೂಗಿ ಬಂದ್ರಿ" ಎಂದಳು. ನಾನು ಇನ್ನೊಂದು ರಟ್ಟೆಯನ್ನೂ ಅವಳತ್ತ ತಿರುಗಿಸಿದೆ.

ಮುಂದಿನ ವರ್ಷ ಹಳಿಯಾಳದ ಸಂತೆಯಲ್ಲಿ ನಮ್ಮ ಕೆರೆಯ ಕಾಟ್ಲಾ ಮಧ್ಯಾಹ್ನದೊಳಗೆ ಖರ್ಚಾಯಿತು.