ಒದೆಯುವ ಬಂದೂಕು ಮತ್ತು ಸಾವಳಗಿಯ ತೊಟ್ಟಿಲು

ಕಾನ್‌ಸ್ಟೆಬಲ್ ಕಾಮಣ್ಣನಿಗೆ ಕಳ್ಳರ ಭಯವಿರಲಿಲ್ಲ, ಸಾಹೇಬರ ಭಯವೂ ಅಷ್ಟಕ್ಕಷ್ಟೇ. ಅವನು ಅಂಜುತ್ತಿದ್ದುದು ತನ್ನ ಬಂದೂಕಿಗೆ. ಒಂದು ಗುಂಡು ಹಾರಿದೊಡನೆ ತಾನೇ ಇನ್ನೊಂದನ್ನು ತುಂಬಿಕೊಳ್ಳುವ ಆ ಎಸ್‌ಎಲ್‌ಆರ್, ಕರು ಸತ್ತ ಎಮ್ಮೆ ಹಿಂಡಲು ಕುಳಿತವನನ್ನು ಒದ್ದಂತೆ ಅವನ ಬಲಹೆಗಲನ್ನು ಒದೆಯುತ್ತಿತ್ತು. ಒದೆ ಬೀಳುವ ಮೊದಲೇ ಅವನ ಕಣ್ಣು ಮುಚ್ಚುತ್ತಿದ್ದವು. ಮುಚ್ಚಿದ ಕಣ್ಣಿಗೆ ಗುರಿ ಸಿಗುವುದುಂಟೆ?

ಈ ವರ್ಷದ ಫೈರಿಂಗ್ ಪರೀಕ್ಷೆ ಅವನ ಮಗಳ ತೊಟ್ಟಿಲ ಕಾರ್ಯದ ದಿನವೇ ಬಂತು. ಸಾವಳಗಿಯ ಮಾವನ ಮನೆಯಲ್ಲಿ ಸಂಜೆ ಹೆಸರಿಡುವವರಿದ್ದರು. ಬಂದೋಬಸ್ತಿನ ಮೇಲೆ ಬಂದೋಬಸ್ತು ಬಿದ್ದು, ಕೂಸಿನ ಮುಖವನ್ನು ಅವನಿನ್ನೂ ನೋಡಿರಲಿಲ್ಲ. ಜಮಖಂಡಿಯ ಹೊರಗೆ, ಗುಡ್ಡದ ಬುಡದಲ್ಲಿ ಸಾಲಾಗಿ ನಿಂತವರಿಗೆ ಸಾಹೇಬರು ಬೆಳಿಗ್ಗೆಯೇ ಹೇಳಿದ್ದರು: "ಗುರಿ ತಪ್ಪಿದವರು ಇವತ್ತ ಮನಿಗೆ ಹೋಗಂಗಿಲ್ಲ. ಇಲ್ಲೇ ಇದ್ದು ನಾಳೆ ಮತ್ತ ಹೊಡೀಬೇಕು."

"ಅಂಜಬ್ಯಾಡಲೇ," ಎಂದ ಪಕ್ಕದಲ್ಲಿದ್ದ ಧರ್ಮರಾಜ. ಅವನು ಕಾಮಣ್ಣನ ಹೆಂಡತಿ ವೈಶಾಲಿಯ ತವರಿನ ನೆರೆಯವನು. "ಬಂದೂಕಾ ಹೆಗಲಿಗೆ ತಾಗಸಬ್ಯಾಡ. ನಾಕ ಬೆರಳ ದೂರ ಹಿಡಿ. ತಾಗದಿದ್ರ ಹೆಂಗ ಒದಿತೈತಿ?"

ಪರೀಕ್ಷೆಗೆ ಮುಂಚೆ ರೂಢಿಗೆಂದು ಕೆಲವು ಗುಂಡು ಕೊಟ್ಟಿದ್ದರು. ಮೊದಲನೆಯದರಲ್ಲಿ ಬಂದೂಕು ಆ ನಾಲ್ಕು ಬೆರಳ ದೂರವನ್ನು ಓಡಿಬಂದು ಒದೆಯಿತು. ಕಾಮಣ್ಣನ ಟೊಪ್ಪಿಗೆ ಹಿಂದಿನವನ ಕಾಲ ಬಳಿ ಬಿತ್ತು.

"ಹಂಗಾರ ಗ್ಯಾಸ್ ಹೆಚ್ಚಾಗೇತಿ," ಎಂದು ಧರ್ಮರಾಜ ಸಿಡಿದ ಮದ್ದಿನ ಗ್ಯಾಸನ್ನು ಹೆಚ್ಚುಕಡಿಮೆ ಮಾಡುವ ನಳಿಕೆಯ ಮೇಲಿನ ತಿರುಪನ್ನೇ ತಿರುವಿಬಿಟ್ಟ. ಒದೆತ ತುಸು ತಗ್ಗಿತು. ಜೊತೆಗೆ, ಮುಂದಿನ ಗುಂಡು ತುಂಬಿಕೊಳ್ಳುವುದನ್ನೂ ಬಂದೂಕು ಬಿಟ್ಟಿತು.

ಹವಾಲ್ದಾರ ಗಿರಿಮಲ್ಲಪ್ಪ ಬಂದು ತಿರುಪನ್ನು ಮೊದಲಿನಂತೆ ಮಾಡಿದರು. "ಇಂವಾ ಹೇಳಿದ್ದ ಕೇಳಾಕತ್ತೀಯಲ್ಲ, ಇವನ ಗುಂಡು ಎಂದಾರ ಗುರಿಗೆ ಬಿದ್ದದ್ದ ನೋಡೀಯೇನು? ಬಂದೂಕು ಕೂಸಿದ್ದಂಗ. ಸಡ್ಲ ಹಿಡದ್ರ ಜಾಡಸತೈತಿ. ಹೆಗಲ ತಗ್ಗಿನ್ಯಾಗ ಒತ್ತಿ ಅವಚಿಕೋ, ಗಲ್ಲ ಹಚ್ಚು, ಮೈ ಮುಂದ ಬಾಗಸು."

"ಕೂಸು ಹಿಡದು ರೂಢಿ ಇಲ್ರೀ ನನಗ," ಎಂದ ಕಾಮಣ್ಣ ಮೆಲ್ಲಗೆ.

ಗಿರಿಮಲ್ಲಪ್ಪ ಅವನನ್ನು ನೋಡಿದರು, ಆಮೇಲೆ ಅವನ ಚೀಲವನ್ನು. ತಾಯಿ ಸಾತವ್ವ ಹಳೆಯ ಸೀರೆಗಳ ತುಂಡು ಕೂಡಿಸಿ ಮೊಮ್ಮಗಳಿಗೆ ಹೊಲಿದ ಕೌದಿ ಅದರಲ್ಲಿತ್ತು. "ಅದನ್ನ ಮಡಚಿ ಅಂಗಿ ಒಳಗ ಇಟ್ಕೋ. ನಿಮ್ಮವ್ವನ ಕೈ ಹೆಗಲ ಮ್ಯಾಲಿದ್ದಂಗಾತು."

ಬಲಹೆಗಲು ಹೋರಿಯ ಡುಬ್ಬದಂತೆ ಎದ್ದಿತು. ಅಷ್ಟರಲ್ಲಿ ಸಾಹೇಬರು ಬಂದರು.

"ಹೆಗಲಿಗೇನಾಗೇತಿ?"

"ಬಾವು ಬಂದೈತ್ರಿ," ಎಂದರು ಗಿರಿಮಲ್ಲಪ್ಪ, ಮೀಸೆಯ ಒಂದು ಕೂದಲೂ ಅಲುಗದಂತೆ. "ಆದ್ರೂ ಹೊಡೀತೀನಿ ಅಂತಾನ್ರಿ."

ಕಾಮಣ್ಣ ಬಂದೂಕನ್ನು ಅವಚಿಕೊಂಡ. ಗಲ್ಲ ಹಚ್ಚಿದ. ಇನ್ನೂ ಕಾಣದ ಮಗಳನ್ನು ನೆನೆದ. ಗುಂಡು ಹಾರಿತು. ಒದೆತವೇನೋ ಬಂತು, ಆದರೆ ಎದೆಯ ಮೇಲೆ ಮಲಗಿದ ಮಗು ನಿದ್ದೆಯಲ್ಲಿ ಕಾಲು ಜಾಡಿಸಿದಷ್ಟೇ. ಕಣ್ಣು ತೆರೆದೇ ಇದ್ದವು. ಐದಕ್ಕೆ ಐದೂ ಗುಂಡು ನಡುವಿನ ಕರಿ ಬೊಟ್ಟಿಗೆ ಬಿದ್ದವು. ಧರ್ಮರಾಜನವು ಗುಡ್ಡಕ್ಕೆ ಬಿದ್ದವು.

ಕಾಮಣ್ಣ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಾಗ ಸಾಹೇಬರು ಕರೆದು, ಗಿರಿಮಲ್ಲಪ್ಪನವರತ್ತ ನೋಡಿದರು.

"ಬಾವು ಬಂದ ಹೆಗಲಿಂದ ಹಿಂಗ ಹೊಡದಾನ. ಆರಾಮಾದ್ರ ಹೆಂಗ ಹೊಡದಾನು? ಬೆಳಗಾವಿ ಫೈರಿಂಗ್ ಸ್ಪರ್ಧೆಗೆ ಇವನ್ನ ಕಳಸ್ರಿ. ಹದಿನೈದು ದಿನ ತರಬೇತಿ. ವ್ಯಾನ್ ಈಗ ಹೊರಡತೈತಿ."

"ಸಾಹೇಬ್ರ, ಮಗಳ ತೊಟ್ಟಲಾ ಐತ್ರಿ..."

"ಹೆಣ್ಣಮಗಳು ಕಾಲಗುಣ ಛಲೋ ತಂದಾಳ, ನೋಡು." ಸಾಹೇಬರು ಉಳಿದವರತ್ತ ತಿರುಗಿದರು. "ನಾಳೆ ಹೊಡಿಯಾಕ ಗುಂಡು ಸಾಲಂಗಿಲ್ಲ. ತಪ್ಪಿದವರು ಮನಿಗೆ ಹೋಗ್ರಿ. ಮುಂದಿನ ತಿಂಗಳ ನೋಡೂಣು."

ಸಂಜೆ ವ್ಯಾನು ಬೆಳಗಾವಿ ದಾರಿಯ ಯರಗಟ್ಟಿಯಲ್ಲಿ ಚಹಾಕ್ಕೆ ನಿಂತಾಗ ಕಾಮಣ್ಣ ಮಾವನ ಮನೆಗೆ ಫೋನು ಹಚ್ಚಿದ. ಆಚೆ ಹೆಣ್ಣುಮಕ್ಕಳ ಜೋಗುಳ ಕೇಳುತ್ತಿತ್ತು. ಐದಕ್ಕೆ ಐದು ಹೊಡೆದದ್ದನ್ನೂ ಬೆಳಗಾವಿಯ ಸಂಗತಿಯನ್ನೂ ಹೇಳಿದ.

"ಧರ್ಮರಾಜಣ್ಣ ಆಗಲೇ ಬಂದು, ಹೋಳಿಗಿ ಉಂಡು, ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತಾನ," ಎಂದಳು ವೈಶಾಲಿ. "ಅವನವು ಐದೂ ತಪ್ಪಿದುವಂತ. ನಿಮಗ ಒಂದಾರ ತಪ್ಪಸಾಕ ಬರಲಿಲ್ಲೇನ್ರಿ?"